ಚಿತ್ರಪಟಗಳಲ್ಲಿ ಸುವಾರ್ತೆಯ ಶೋಧ

ಕೇಳುವವರಿಗೆ ಪರಿಚಿತವಾದುದನ್ನು ಹಿಡಿದು ಅಪರಿಚಿತವಾದುದನ್ನು ಬೋಧಿಸುವ ಪದ್ಧತಿಯು ಕ್ರೈಸ್ತಧರ್ಮದಲ್ಲಿ ಅದರ ಮೂಲಪುರುಷನಿಂದಲೇ ಬಂದುದು. ಬೀಜ ಬಿತ್ತುವವನು, ಹಿಂಡನ್ನು ಅಗಲಿದ ಕುರಿ, ಕಳೆದ ನಾಣ್ಯವನ್ನು ದೀಪ ಹಚ್ಚಿ ಅರಸುವ ಹೆಂಗಸು, ಇವೆಲ್ಲ ಅಂದಿನ ಜನರ ನಿತ್ಯದ ಬಾಳಿನಿಂದ ಎತ್ತಿದ ಸಾಮ್ಯಗಳು. 1851ರಲ್ಲಿ ಬಾಸೆಲ್ ಮಿಶನ್ನಿನವರು ಗುಳೇದಗುಡ್ಡದಲ್ಲಿ ನೆಲೆಯೂರಿದ ಮೇಲೆ ಖಣ ನೇಯುವ ಈ ಊರಿನ ಕಿವಿಗೂ ಅವು ಬಿದ್ದವು. ಆದರೆ ಇಂದಿನ ಕೇಳುಗರಲ್ಲಿ ಕುರಿ ಕಾಯುವದನ್ನು ಬಲ್ಲವರಿಗಿಂತ ಚಿತ್ರಪಟದ ಕಥೆಗಳನ್ನು ಬಾಯಿಪಾಠವಾಗಿ ಬಲ್ಲವರೇ ಹೆಚ್ಚು. ಜನಪ್ರಿಯ ಚಿತ್ರಪಟಗಳಿಂದ ಕ್ರೈಸ್ತ ಜೀವನಕ್ಕೆ ಪಾಠಗಳನ್ನು ತೆಗೆಯುವ ರೂಢಿಯು ಪಾಶ್ಚಾತ್ಯ ದೇಶಗಳ ಸಭೆಗಳಲ್ಲಿ ಬಹುದಿನಗಳಿಂದ ಇರುವದು. ಕನ್ನಡದ ಉಪದೇಶಕನೂ ಹಾಗೆ ಮಾಡಿದರೆ ಆಕ್ಷೇಪವೇಕೆ? ಆಕ್ಷೇಪವಿಲ್ಲ, ಆತನು ಚಿತ್ರವನ್ನು ಸರಿಯಾಗಿ ಓದಿದನೇ ಎಂಬ ಪ್ರಶ್ನೆ ಮಾತ್ರ ಉಳಿಯುವದು.

ಭಾರತದ ಚಿತ್ರಪಟಕ್ಕೂ ಕ್ರಿಸ್ತಚರಿತ್ರೆಗೂ ಇರುವ ಹಳೆಯ ನಂಟನ್ನು ಇಲ್ಲಿ ನೆನೆಯಬಹುದು. 1913ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ತೆರೆಗೆ ತಂದ ದಾದಾಸಾಹೇಬ ಫಾಳ್ಕೆಯವರಿಗೆ ಆ ಉದ್ಯಮದ ಪ್ರೇರಣೆಯಾದುದು ಮುಂಬಯಿಯಲ್ಲಿ ಕಂಡ ಯೇಸುಕ್ರಿಸ್ತನ ಚರಿತ್ರೆಯ ಚಿತ್ರ. ಕಣ್ಣೆದುರು ಕ್ರಿಸ್ತನು ಸರಿದುಹೋಗುತ್ತಿರಲು ಅವರ ಮನಸ್ಸಿನಲ್ಲಿ ಮೂಡುತ್ತಿದ್ದವರು ಶ್ರೀಕೃಷ್ಣ ಶ್ರೀರಾಮರು. ಇದನ್ನು ಅವರೇ ಬರೆದಿಟ್ಟಿರುವರು. ಇಂದಿನ ಉಪದೇಶಕನು ನಡೆಯುವದು ಅದೇ ದಾರಿಯಲ್ಲಿ, ತಿರುಗಿ ಹಿಂದಕ್ಕೆ. ಆದರೆ ಫಾಳ್ಕೆಯವರು ಕ್ರಿಸ್ತನನ್ನೇ ಕೃಷ್ಣನೆಂದು ಹೇಳಲು ಹೋಗಲಿಲ್ಲ. ಒಂದನ್ನು ಕಂಡು ಇನ್ನೊಂದನ್ನು ಬಯಸಿದರು, ಅಷ್ಟೆ.

ಕ್ರೈಸ್ತ ಪಾತ್ರವಿರುವಲ್ಲಿಯೇ ಕ್ರೈಸ್ತ ಪಾಠವೂ ಇರುವದೆಂದು ನಂಬಿದವನು ಮೊದಲ ಹೆಜ್ಜೆಯಲ್ಲಿಯೇ ಎಡವುವನು. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಾದಂಬರಿಗಳಿಂದ 1972ರಲ್ಲಿ ನಿರ್ಮಿಸಿದ 'ನಾಗರಹಾವು' ಚಿತ್ರದಲ್ಲಿ ಮಾರ್ಗರೆಟ್ ಇರುವಳು. ಆದರೆ ಆಕೆಯ ಧರ್ಮಕ್ಕೆ ಕಥೆಯಲ್ಲಿರುವ ಕೆಲಸವು ಮದುವೆಗೆ ಅಡ್ಡಿಯಾಗುವದು ಮಾತ್ರ. ಆಕೆಯ ಪ್ರಾರ್ಥನೆ, ಆಕೆಯ ವಿಶ್ವಾಸ ಎಂಥವೆಂಬುದನ್ನು ತಿಳಿಯುವ ಕುತೂಹಲ ಚಿತ್ರಕ್ಕಿಲ್ಲ.

ಅದೇ 1972ರಲ್ಲಿ ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ'ವು ಹೊರಬಂದಿತು. ಟಿ.ಕೆ. ರಾಮರಾಯರ ಕಾದಂಬರಿಯ ಈ ಕಥೆಯಲ್ಲಿ ಒಬ್ಬ ಕ್ರೈಸ್ತನೂ ಇಲ್ಲ. ಹಾಗಿದ್ದೂ ಉಪದೇಶಕನ ಕಣ್ಣು ಮೊದಲು ಬೀಳುವದು ಇದರ ಮೇಲೆಯೇ. ರಾಜ್‌ಕುಮಾರರು ಅಭಿನಯಿಸಿದ ರಾಜೀವನು ಅಕ್ಕನ ಸಂಸಾರ ಅನಾಥವಾದಾಗ ಅದರ ನೊಗಕ್ಕೆ ಹೆಗಲು ಕೊಡುವನು, ಬರಡು ನೆಲವನ್ನು ಹಸನು ಮಾಡುವನು, ಅಕ್ಕನ ಮಕ್ಕಳನ್ನು ಓದಿಸುವನು. ಆತನು ಬೆಳೆಸಿದ ಕೇಶವನೇ ಕಡೆಗೆ ಆತನ ಪ್ರಾಮಾಣಿಕತೆಯನ್ನು ಶಂಕಿಸಿ ಆಡಬಾರದ ಮಾತನ್ನು ಆಡುವನು. ರಾಜೀವನು ಉಣ್ಣುವ ಎಲೆಯನ್ನು ಬಿಟ್ಟೆದ್ದು, ಎದುರುತ್ತರ ಕೊಡದೆ, ಮನೆಯನ್ನೇ ತೊರೆದು ನಡೆಯುವನು. ಈತನ ತ್ಯಾಗವೂ ಮೌನವೂ ಕ್ರಿಸ್ತನವೇ ಅಲ್ಲವೆ ಎಂದು ಕೇಳಲು ಯಾರಿಗಾದರೂ ಆಸೆಯಾಗುವದು.

ದುಡಿಮೆಯವರೆಗೆ ಹೋಲಿಕೆ ಸರಿ. ಆದರೆ ಮನೆ ಬಿಡುವ ಪ್ರಸಂಗವನ್ನು ಲೂಕನ ಸುವಾರ್ತೆಯ ತಪ್ಪಿಹೋದ ಮಗನ ಸಾಮ್ಯದೊಡನೆ ಇಟ್ಟು ನೋಡಬೇಕು. ಅಲ್ಲಿ ಮನೆ ಬಿಟ್ಟು ಹೋಗುವವನು ತಪ್ಪು ಮಾಡಿದವನು. ನೊಂದ ತಂದೆ ಮನೆಯಲ್ಲಿಯೇ ನಿಂತು ದಾರಿ ನೋಡುವನು. ಮಗನು ಇನ್ನೂ ದೂರದಲ್ಲಿರುವಾಗಲೇ ಹಿರಿಯನೆಂಬ ಗೌರವವನ್ನು ಬದಿಗಿಟ್ಟು ಓಡಿಹೋಗಿ ಅಪ್ಪಿಕೊಳ್ಳುವನು, ಊಟ ಹಾಕಿಸುವನು. ಮುನಿದು ಹೊರಗೆ ನಿಂತ ಹಿರಿಯ ಮಗನ ಬಳಿಗೂ ಆತನೇ ಎದ್ದು ಬರುವನು. ಚಿತ್ರದಲ್ಲಿ ಇದೆಲ್ಲವೂ ತಲೆಕೆಳಗು. ನೊಂದವನು ಹೊರಟುಹೋದನು, ತಪ್ಪು ಮಾಡಿದವರು ಮನೆಯಲ್ಲಿ ಉಳಿದರು. ಅವರು ಪಶ್ಚಾತ್ತಾಪಪಟ್ಟರೂ ಅದನ್ನು ಸ್ವೀಕರಿಸುವ ಕೈ ಅಲ್ಲಿಲ್ಲ. ಒಂದು ಊಟ ಮುರಿದುಹೋಯಿತು. ಅದನ್ನು ಮತ್ತೆ ಬಡಿಸುವವರಿಲ್ಲ.

ಇದು ಚಿತ್ರದ ದೋಷವಲ್ಲ. ವನವಾಸವನ್ನೂ ಸಂನ್ಯಾಸವನ್ನೂ ಕಂಡ ನಾಡಿನಲ್ಲಿ ಮೌನವಾಗಿ ಹೊರಟುಹೋಗುವದಕ್ಕೆ ತನ್ನದೇ ಆದ ಘನತೆಯುಂಟು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಜನರು ಮರಳಿ ಮರಳಿ ಬಂದು ಕಂಬನಿಗರೆದುದು ಆ ಘನತೆಗೆ. ಆದರೆ ಅದಕ್ಕೆ ಸುವಾರ್ತೆಯ ಮುದ್ರೆಯೊತ್ತಿ ಹಂಚಿದರೆ ಕೇಳುವವರು ಕಲಿಯುವ ಪಾಠವೇನು? ಅಣ್ಣತಮ್ಮಂದಿರು ಒಂದು ಮಾತಿಗೆ ಮುನಿದು ವರ್ಷಗಟ್ಟಲೆ ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯದ ಮನೆಗಳು ಯಾವ ಊರಿನಲ್ಲಿಲ್ಲ? ತಾನಿಲ್ಲದಾಗ ಅವರಿಗೆ ಬುದ್ಧಿ ಬರಲಿ ಎಂದು ಹೊರಟುಹೋಗುವದು ತ್ಯಾಗದಂತೆ ಕಾಣುವದು. ಅದರೊಳಗೆ ಒಂದು ದಂಡನೆಯೂ ಅಡಗಿರುವದು. ಹರಿದ ಎಳೆಗೆ ಕೂತಲ್ಲಿಯೇ ಗಂಟು ಹಾಕಿ ನೇಯ್ಗೆ ಮುಂದುವರಿಸುವ ನೇಕಾರನಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾದುದಿಲ್ಲ.

1971ರ 'ಕಸ್ತೂರಿ ನಿವಾಸ'ದಲ್ಲಿಯೂ ಕಥೆ ತುದಿಮುಟ್ಟುವದು ಒಂದು ಊಟದಲ್ಲಿಯೇ. ದೊರೆ-ಭಗವಾನರ ಈ ಚಿತ್ರದಲ್ಲಿ ಬೆಂಕಿಪೆಟ್ಟಿಗೆಯ ಉದ್ಯಮಿ ರವಿವರ್ಮನು ಎಲ್ಲವನ್ನೂ ಕಳೆದುಕೊಂಡ ಮೇಲೆಯೂ ಕೊಡುವ ಕೈಯನ್ನು ಹಿಂದೆಗೆಯನು. ಮನೆಗೆ ಬಂದವಳ ಊಟಕ್ಕಾಗಿ ತನ್ನ ಪ್ರೀತಿಯ ಪಾರಿವಾಳವನ್ನೇ ತೆತ್ತಿರುವನು. ಆಕೆ ಬಂದುದಾದರೋ ಆ ಪಾರಿವಾಳವನ್ನು ಬೇಡಲೆಂದೇ. ಇಟಲಿಯ ಬೊಕಾಚಿಯೋನ ಕಥೆಯೊಂದರಲ್ಲಿ ಇದೇ ಸಂಕಟ ಡೇಗೆಯೊಂದರ ಮೂಲಕ ಬಂದಿರುವದನ್ನು ಓದುಗರು ಬಲ್ಲರು. ಬೊಕಾಚಿಯೋನ ನಾಯಕನು ಬದುಕಿ ಸುಖ ಕಾಣುವನು. ರವಿವರ್ಮನು ಕೊಡಲಾರದೆ ಹೋದೆನಲ್ಲಾ ಎಂಬ ಆಘಾತಕ್ಕೇ ಪ್ರಾಣ ಬಿಡುವನು.

ಎರಡು ಕಾಸು ಹಾಕಿದ ಬಡ ವಿಧವೆಯನ್ನು ಇಲ್ಲಿ ನೆನೆಯುವದು ಸುಲಭ. ಆಕೆಯೂ ಇದ್ದುದೆಲ್ಲವನ್ನೂ ಕೊಟ್ಟವಳೇ. ಆದರೆ ಆಕೆಗೆ ಕಾಪಾಡಬೇಕಾದ ಮನೆತನದ ಹೆಸರಿರಲಿಲ್ಲ. ಕೊಟ್ಟು ಸುಮ್ಮನೆ ಹೊರಟುಹೋದಳು. ರವಿವರ್ಮನ ದಾನದಲ್ಲಿ ಕರ್ಣನ ರಕ್ತವಿದೆ; ಕೊಡುವದೇ ಆತನ ಸ್ವರೂಪ, ಕೊಡಲಾರದ ದಿನ ಆತನಿಲ್ಲ. ಆತನಿಗೆ ಬಾರದುದು ಒಂದೇ, ಇನ್ನೊಬ್ಬರಿಂದ ತೆಗೆದುಕೊಳ್ಳುವದು. ಕಡೆಯ ಭೋಜನದ ಸಮಯದಲ್ಲಿ ಗುರುವು ಕಾಲು ತೊಳೆಯಲು ಬಂದಾಗ ಪೇತ್ರನು ಬೇಡವೆಂದು ಕಾಲೆಳೆದುಕೊಂಡ ಕಥೆಯನ್ನು ಯೋಹಾನನು ಹೇಳುವನು. ತೊಳೆಯಿಸಿಕೊಳ್ಳದಿದ್ದರೆ ತನ್ನಲ್ಲಿ ಪಾಲಿಲ್ಲವೆಂದು ಪೇತ್ರನಿಗೆ ಅಲ್ಲಿ ಉತ್ತರ ಬರುವದು. 'ಕಸ್ತೂರಿ ನಿವಾಸ'ದಿಂದ ಕ್ರೈಸ್ತ ಪಾಠವನ್ನು ತೆಗೆಯಬೇಕೆಂದಿರುವವನು ದಾನದ ಹೊಗಳಿಕೆಯಲ್ಲಿ ನಿಲ್ಲದೆ ಪೇತ್ರನ ಈ ಸಂಕೋಚದವರೆಗೆ ಬರಬೇಕು. ಆಗ ಚಿತ್ರವೂ ಹೆಚ್ಚು ಆಳವಾಗಿ ಕಾಣುವದು.

ಹೀಗೆ ಜರಡಿ ಹಿಡಿದರೆ ಉಪದೇಶಕನಿಗೆ ಉಳಿಯುವದೇನೆಂದು ಕೆಲವರು ಕೇಳಬಹುದು. ಚಿತ್ರಪಟವು ಬಿಟ್ಟ ಜಾಗವೇ ಉಳಿಯುವದು. ರಾಜೀವನು ಹೋದ ಮರುದಿನ ಬೆಳಿಗ್ಗೆ ಕೇಶವನು ಏನು ಮಾಡಿದನೆಂಬುದನ್ನು 'ಬಂಗಾರದ ಮನುಷ್ಯ'ವು ತೋರಿಸುವದಿಲ್ಲ. ಆತನು ಯಾವ ದಾರಿ ಹಿಡಿದು ಹುಡುಕಿಕೊಂಡು ಹೋದನು, ಎದುರು ಸಿಕ್ಕಿದರೆ ಯಾವ ಮುಖದಿಂದ ಮಾತನಾಡುವನು, ಆ ಎಲೆಯ ಮುಂದೆ ಮಾವನನ್ನು ಮತ್ತೆ ಹೇಗೆ ಕುಳ್ಳಿರಿಸುವನು? ಉಪದೇಶಕನ ಮಾತು ಇಲ್ಲಿಂದ ಆರಂಭವಾಗಬಹುದು.