ಮೊದಲ ಮೆಟ್ಟಿಲಿನ ಮರ್ಯಾದೆ

ಈ ಪತ್ರಿಕೆಯ ವಾಚಕರಲ್ಲಿ, ವಿಶೇಷವಾಗಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ, ಎಳೆಯ ವಯಸ್ಸಿನಲ್ಲಿ ಕವಿತೆ ಕಟ್ಟದವರು ವಿರಳ. ವಿದ್ಯಾರ್ಥಿನಿಲಯದ ಕೈಬರಹದ ಪತ್ರಿಕೆಗೊಂದು, ಬಸವಜಯಂತಿಗೊಂದು, ಯಾರಿಗೂ ತೋರಿಸದ ಟಿಪ್ಪಣಿ ಪುಸ್ತಕದಲ್ಲಿ ಹತ್ತಾರು ಪದ್ಯಗಳನ್ನು ಬರೆದಿಟ್ಟವರು ನೀವು. ಇಂದು ಅವುಗಳ ಮಾತೆತ್ತಿದರೆ "ಅದೆಲ್ಲ ಹುಡುಗಾಟಿಕೆ, ಬಿಡಿ" ಎಂದು ಮುಖ ತಿರುಗಿಸುತ್ತೀರಿ. ಈ ನಾಚಿಕೆ ವಿನಯದಿಂದ ಬಂದುದೋ ಅವಿವೇಕದಿಂದ ಬಂದುದೋ ಎಂಬುದನ್ನು ಒಬ್ಬ ಮಹಾಕವಿಯ ಆರಂಭದ ಕೃತಿಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಕೊಲ್ಲೂರಿನ ಕಡೆಯಿಂದ ಘಟ್ಟವಿಳಿದು ಕಡಲಿನತ್ತ ಬಂದವರಿಗೆ ಬೈಂದೂರೂ ಅದರ ಮಗ್ಗುಲಿನ ಯಡ್ತರೆಯೂ ಎದುರಾಗುತ್ತವೆ. ಕೆಳದಿಯ ಅರಸರ ಕಾಲದಿಂದಲೂ ಮಲೆನಾಡಿನ ನಮ್ಮ ಜನಕ್ಕೆ ಈ ಸೀಮೆ ಪರಕೀಯವಲ್ಲ. ಯಡ್ತರೆಯಿಂದ ದಕ್ಷಿಣಕ್ಕೆ ಅನತಿದೂರದಲ್ಲಿರುವ ಮೊಗೇರಿಯಲ್ಲಿ 1918ರ ಫೆಬ್ರವರಿ 18ರಂದು ಮೊಗೇರಿ ಗೋಪಾಲಕೃಷ್ಣ ಅಡಿಗರು ಜನಿಸಿದರು. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವೆ ಗದ್ದೆ ತೋಟಗಳು. ಮುಂಗಾರಿನ ಎಡೆಬಿಡದ ಮಳೆ. ಮಳೆ ನಿಂತ ಮೇಲೆ ಬಯಲಿನಲ್ಲಿ ಬೆಳಗಾಗುವವರೆಗೆ ಮೊಳಗುವ ಯಕ್ಷಗಾನದ ಚಂಡೆ. ಇಂಥ ನೆಲದಲ್ಲಿ ಕಣ್ಣು ಕಿವಿಗಳನ್ನು ತೆರೆದ ಬಾಲಕ ಮುಂದೆ ಮೈಸೂರು ಸೇರಿ, ಇಂಗ್ಲಿಷ್ ಅಧ್ಯಾಪಕರಾಗಿ, ನವ್ಯಕಾವ್ಯದ ಪ್ರವರ್ತಕರೆನಿಸಿದರು. 1974ರಲ್ಲಿ 'ವರ್ಧಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1992ರಲ್ಲಿ ಅವರು ಕಾಲವಾದರು.

ಅಡಿಗರ ಮೊದಲ ಸಂಕಲನ 'ಭಾವತರಂಗ' ಪ್ರಕಟವಾದುದು 1946ರಲ್ಲಿ. ಅದರ ಹಿಂದೆಯೇ 'ಕಟ್ಟುವೆವು ನಾವು' ಬಂದಿತು. 1952ರಲ್ಲಿ 'ನಡೆದು ಬಂದ ದಾರಿ', 1954ರಲ್ಲಿ 'ಚಂಡೆಮದ್ದಳೆ', 1959ರಲ್ಲಿ 'ಭೂಮಿಗೀತ'. 'ಚಂಡೆಮದ್ದಳೆ'ಯೂ ಅದರ ಮುನ್ನುಡಿಯೂ ಕನ್ನಡ ಕಾವ್ಯದ ಗತಿಯನ್ನೇ ಬದಲಿಸಿದುವು ಎಂಬುದು ಸರ್ವವಿದಿತ. ಆದರೆ ಆ ವಿಜಯದ ಜೊತೆಗೇ ವಿಮರ್ಶೆಯಲ್ಲಿ ಒಂದು ಅಭ್ಯಾಸವೂ ಬೆಳೆಯಿತು. ಅಡಿಗರ ಕಾವ್ಯವೆಂದರೆ 1954ರಿಂದ ಈಚಿನದು. ಹಿಂದಿನದೆಲ್ಲ ಬೇಂದ್ರೆ ಕುವೆಂಪು ಮೊದಲಾದವರ ಮಾರ್ಗದಲ್ಲಿ ಮಾಡಿದ ಸಾಮು. ಅದನ್ನು ಒಂದು ಪುಟದಲ್ಲಿ ಮುಗಿಸಿ ಮುಂದೆ ಸಾಗಬಹುದು ಎಂಬ ಭಾವನೆ ತರಗತಿಗಳಲ್ಲಿಯೂ ಗ್ರಂಥಗಳಲ್ಲಿಯೂ ನೆಲೆಗೊಂಡಿತು.

ಈ ಭಾವನೆಗೆ ಶಾಸ್ತ್ರದ ಬೆಂಬಲವೂ ದೊರೆಯದೆ ಇಲ್ಲ. ಆನಂದವರ್ಧನನು ಧ್ವನ್ಯಾಲೋಕದಲ್ಲಿ, ಅಭ್ಯಾಸ ಮಾಡುತ್ತಿರುವ ಹೊಸಬರಿಗೆ ಬೇಕಾದರೆ ಚಿತ್ರಕಾವ್ಯವಿರಲಿ, ಪರಿಣತರಿಗೆ ಧ್ವನಿಯೇ ಕಾವ್ಯ ಎಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಮಮ್ಮಟನಾದರೋ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನೂ ಒಟ್ಟುಗೂಡಿಸಿ ಕಾವ್ಯಕ್ಕೆ ಹೇತುವೆಂದು ಕರೆಯುತ್ತಾನೆ. ಇಲ್ಲಿ ಸೂಕ್ಷ್ಮವೊಂದುಂಟು. ಅಭ್ಯಾಸವು ಹೇತುವಿನ ಒಂದು ಅಂಗವಾದರೆ ಅದರ ಪಕ್ಕದಲ್ಲಿಯೇ ಶಕ್ತಿಯೂ ಇರಲೇಬೇಕು. ಆದ್ದರಿಂದ ಎಳೆಯ ಬರವಣಿಗೆಯನ್ನು ಬರಿಯ ಅಭ್ಯಾಸವೆಂದು ತಳ್ಳಿಹಾಕುವ ಮೊದಲು, ಅದರಲ್ಲಿ ಶಕ್ತಿ ಎಲ್ಲಿ ಅಡಗಿದೆಯೆಂದು ಹುಡುಕುವುದು ವಿಮರ್ಶಕನ ಕರ್ತವ್ಯ.

ಆ ದೃಷ್ಟಿಯಿಂದ 'ಮೋಹನ ಮುರಳಿ'ಯನ್ನು ನೋಡೋಣ. ಸುಗಮ ಸಂಗೀತದ ಗಾಯಕರು ಇದನ್ನು ಮನೆಮನೆಗೆ ಮುಟ್ಟಿಸಿದರು. 1990ರ ದಶಕದಲ್ಲಿ 'ಅಮೆರಿಕಾ ಅಮೆರಿಕಾ' ಚಲನಚಿತ್ರದ ಮೂಲಕ ಅಡಿಗರ ಹೆಸರನ್ನೇ ಅರಿಯದವರ ಬಾಯಲ್ಲಿಯೂ ಇದು ನಲಿಯಿತು. ಪಂಡಿತರು ಬದಿಗಿಟ್ಟುದನ್ನು ಜನರು ಬಿಡಲಿಲ್ಲ. ಕವಿತೆಯ ದೋಷಗಳು ಸ್ಪಷ್ಟವೇ. ಪದಗಳ ಮಾಧುರ್ಯ ಅಲ್ಲಲ್ಲಿ ಅರ್ಥವನ್ನು ಮೀರುತ್ತದೆ. ಬೃಂದಾವನದ ಸಾಮಗ್ರಿ ಆ ಕಾಲದ ಎಲ್ಲ ಕವಿಗಳ ಸಮಾನ ಸ್ವತ್ತು. ಆದರೆ ರಾಗವನ್ನು ಮರೆತು ಒಮ್ಮೆ ಮೌನವಾಗಿ ಓದಿದರೆ, ಇಡೀ ಕವಿತೆ ಪ್ರಶ್ನೆಯ ಮೇಲೆ ನಿಂತಿರುವುದು ಕಾಣುತ್ತದೆ. ಕೈಯಲ್ಲಿರುವುದನ್ನು ತೊರೆದು ಕಾಣದುದಕ್ಕಾಗಿ ಹಂಬಲಿಸುವ ಈ ಜೀವ ಎತ್ತ ಹೊರಟಿದೆ, ಅದನ್ನು ಸೆಳೆಯುತ್ತಿರುವವರು ಯಾರು? ಕವಿ ಕೇಳುತ್ತಾನೆ, ಉತ್ತರ ಕೊಡುವುದಿಲ್ಲ.

ಇನ್ನು ಪ್ರೌಢಾವಸ್ಥೆಯ 'ಶ್ರೀರಾಮನವಮಿಯ ದಿವಸ'ವನ್ನು ಇದರ ಪಕ್ಕದಲ್ಲಿಡಿ. ಭಾಷೆ ಬೇರೆ, ಲಯ ಬೇರೆ, ಮಾತಿನ ಬಿಗಿ ಬೇರೆ. ಪಾನಕ ಪನಿವಾರದ ಹಬ್ಬದಿಂದ ಹೊರಟ ಆ ಕವಿತೆ ವಾಲ್ಮೀಕಿಯ ಹುತ್ತದವರೆಗೆ ನಡೆದು, ಅಂಥ ತಪಸ್ಸಿಲ್ಲದ ಚಿತ್ತಕ್ಕೆ ಪುರುಷೋತ್ತಮನ ರೂಪ ಮತ್ತೆ ದಕ್ಕೀತೇ ಎಂದು ಕೇಳಿ ನಿಲ್ಲುತ್ತದೆ. ಅಲ್ಲಿಯೂ ಕೊನೆಯದು ಪ್ರಶ್ನೆಯೇ. ತರುಣನ ಪ್ರಶ್ನೆಯಲ್ಲಿ ಹಂಬಲ ಹೆಚ್ಚು, ಪ್ರೌಢನ ಪ್ರಶ್ನೆಯಲ್ಲಿ ಹೊಣೆ ಹೆಚ್ಚು. ಪ್ರಶ್ನಿಸುವ ಜೀವ ಮಾತ್ರ ಒಂದೇ. ಆರಂಭಕಾಲದ 'ನನ್ನ ನುಡಿ'ಯಲ್ಲಿಯೇ, ಪರರು ಹೇಳಿದುದನ್ನು ಮತ್ತೆ ಮತ್ತೆ ಹೇಳಿ ಬೇಸತ್ತ ಮನಸ್ಸು ತನ್ನದೇ ಮಾತಿಗಾಗಿ ಚಡಪಡಿಸುವುದನ್ನು ಕಾಣುತ್ತೇವೆ. 'ಚಂಡೆಮದ್ದಳೆ'ಯ ಕ್ರಾಂತಿ ಆಕಾಶದಿಂದ ಇಳಿದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆ ಅತೃಪ್ತಿಯನ್ನು ಎಳೆಯ ಕವಿತೆಗಳಲ್ಲಿ ಗುರುತಿಸದವನಿಗೆ ಮುಂದಿನ ಅಡಿಗರೂ ಅರ್ಧವೇ ಅರ್ಥವಾದಾರು.

ಗತದೊಡನೆ ಹೇಗೆ ವ್ಯವಹರಿಸಬೇಕೆಂಬುದನ್ನು ಕವಿಯೇ 'ಭೂಮಿಗೀತ'ದ 'ಭೂತ'ದಲ್ಲಿ ಸೂಚಿಸಿದ್ದಾರೆ. ಅಗೆಯುವವನಿಗೆ ಮೊದಲು ಸಿಗುವುದು ಮಣ್ಣು, ಆಳಕ್ಕಿಳಿದರೆ ಅದಿರು, ಅದನ್ನು ಸುಟ್ಟು ಸೋಸಿ ಇಷ್ಟದೇವತೆಯ ವಿಗ್ರಹಕ್ಕೆ ಒಗ್ಗಿಸುವ ಕಸುಬನ್ನು ಕಲಿಯಬೇಕು ಎಂಬುದು ಅಲ್ಲಿನ ಆಶಯ. ಕವಿ ಇದನ್ನು ಪರಂಪರೆಯನ್ನು ಕುರಿತು ಹೇಳಿದರೂ ಸ್ವಂತ ಗತಕ್ಕೂ ಇದು ಸಲ್ಲುತ್ತದೆ. ಮಣ್ಣನ್ನೇ ಚಿನ್ನವೆಂದು ಪೂಜಿಸುವವನು ಭ್ರಾಂತ. ಮಣ್ಣನ್ನು ಕಂಡೊಡನೆ ಗುದ್ದಲಿಯನ್ನು ಬಿಸುಟವನು ಆಲಸಿ. ಐರ್ಲೆಂಡಿನ ಕವಿ ಯೇಟ್ಸ್ ತನ್ನ ಎಳೆಯ ಕವಿತೆಗಳನ್ನು ಜೀವಮಾನವಿಡೀ ತಿದ್ದುತ್ತಲೇ ಇದ್ದನು. ಅದು ಒಂದು ಮಾರ್ಗ. ಆದರೆ ಇಂದಿನ ಪ್ರಜ್ಞೆಯಿಂದ ಅಂದಿನದನ್ನು ತಿದ್ದುವಾಗ ಅಂದಿನ ಹುಡುಗ ಮಾಯವಾಗುವ ಭಯವೂ ಉಂಟು.

ನಮ್ಮ ಷಟ್‌ಸ್ಥಲ ಸಿದ್ಧಾಂತ ಈ ವಿಷಯದಲ್ಲಿ ಬೆಳಕು ನೀಡುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರರಲ್ಲಿ ಭಕ್ತಸ್ಥಲ ಮೊದಲನೆಯದು. ಬಸವಣ್ಣನವರ ವಚನಗಳನ್ನು ಸ್ಥಲಕಟ್ಟಿನಲ್ಲಿ ಜೋಡಿಸಿದ ಹಿರಿಯರು, ಐಕ್ಯಸ್ಥಲ ದೊರೆತ ಮೇಲೆ ಭಕ್ತಸ್ಥಲದ ಅಳಲು, ಅಂಜಿಕೆ, ಮನಸ್ಸಿನ ಚಾಂಚಲ್ಯದ ನಿವೇದನೆ ಇವೆಲ್ಲ ಏಕೆಂದು ತೆಗೆದುಹಾಕಲಿಲ್ಲ. ವಾಸ್ತವವಾಗಿ ಆ ಸ್ಥಲದ ವಚನಗಳೇ ಸಂಖ್ಯೆಯಲ್ಲಿ ಅಧಿಕ. ಭಕ್ತರ ನಾಲಗೆಯ ಮೇಲೆ ನಿಂತವುಗಳಲ್ಲಿ ಅವೇ ಮುಖ್ಯ. ಸ್ಥಲಗಳು ಒಂದನ್ನೊಂದು ಅಳಿಸಿಹಾಕುವುದಿಲ್ಲ, ಒಂದರೊಳಗೊಂದು ಇರುತ್ತವೆ. 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದ ಫ. ಗು. ಹಳಕಟ್ಟಿಯವರು ಪರಿಪಕ್ವವಾದುದಷ್ಟೇ ಸಾಕೆಂದು ತಾಳೆಯೋಲೆಗಳನ್ನು ಆರಿಸಿ ಉಳಿದುದನ್ನು ಕೈಬಿಟ್ಟಿದ್ದರೆ, ಸಣ್ಣ ಕಾಯಕದ ಎಷ್ಟೋ ಶರಣರ ಕೊರಳು ನಮಗೆ ಕೇಳಿಸುತ್ತಲೇ ಇರಲಿಲ್ಲ. ಕಾವ್ಯವೂ ಸಾಧನೆಯೂ ಒಂದೇ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಮೊದಲ ಮೆಟ್ಟಿಲಿಗೂ ಮರ್ಯಾದೆ ಸಲ್ಲಬೇಕೆಂಬ ತತ್ತ್ವ ಎರಡಕ್ಕೂ ಸಮಾನ ಎಂಬಷ್ಟೇ ನಮ್ಮ ವಿವಕ್ಷೆ.

ವಾಚಕರೇ, ನಿಮ್ಮ ಹಳೆಯ ಪುಸ್ತಕ ಇನ್ನೂ ಉಳಿದಿದ್ದರೆ ಅದನ್ನು ಒಲೆಗೆ ಹಾಕಬೇಡಿ, ಅಚ್ಚಿಗೂ ಅವಸರಪಡಬೇಡಿ. ಬೇರೊಬ್ಬ ತರುಣನ ಬರವಣಿಗೆಯನ್ನು ಓದುವ ಸಹನೆಯಿಂದ ಅದನ್ನು ಓದಿರಿ. ಎರವಲು ಮಾತುಗಳು ಹತ್ತು ಸಿಕ್ಕಾವು. ನಡುವೆ ಎಲ್ಲಿಯೋ ಒಂದು ಕಡೆ ಯಾರಿಂದಲೂ ಎರವಲು ತಾರದ ಒಂದು ಪ್ರಶ್ನೆ, ಒಂದು ಅಳುಕು, ಒಂದು ಬೆರಗು ಇದ್ದೀತು. ಅಂದು ನೀವು ಏನನ್ನು ಕೇಳಿದ್ದಿರಿ, ಇಂದು ಅದನ್ನು ಕೇಳುವುದನ್ನೇ ನಿಲ್ಲಿಸಿದ್ದೀರಾ ಎಂದು ವಿಚಾರಿಸಿಕೊಳ್ಳಿ. ನಿಲ್ಲಿಸಿದ್ದರೆ, ನಾಚಬೇಕಾದುದು ಆ ಹಳೆಯ ಪದ್ಯಕ್ಕಾಗಿ ಅಲ್ಲ. ನಿಮ್ಮ ಮನೆಯ ಮಕ್ಕಳು ತಾವು ಬರೆದುದನ್ನು ಹಿಡಿದು ಬಂದಾಗಲೂ ಈ ಸಹನೆ ನಿಮ್ಮಲ್ಲಿ ನೆಲೆಸಲೆಂದು ಹಾರೈಸುತ್ತೇವೆ.