ಠಸ್ಸೆ ಒತ್ತುವ ಆಟ

‘ಕತ್ತೆ ವಯಸ್ಸಾಯ್ತು, ಇನ್ನೂ ಗೇಮ್ ಆಡ್ತೀಯಾ?’ ಎಂಬ ಬೈಗುಳ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಅದೇ ಮನೆಯ ಯಜಮಾನರು ಸಂಜೆ ಕ್ಲಬ್ಬಿನಲ್ಲಿ ಎರಡು ಗಂಟೆ ರಮ್ಮಿ ಆಡಿ ಬಂದರೆ ಯಾರೂ ವಯಸ್ಸಿನ ಮಾತೆತ್ತುವುದಿಲ್ಲ. ನಲವತ್ತೈದರ ಗಂಡಸು ಭಾನುವಾರ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಮೊಣಕಾಲು ತರಚಿಕೊಂಡು ಬಂದರೆ ಅದನ್ನು ಹುಮ್ಮಸ್ಸು ಎನ್ನುತ್ತೇವೆ. ಪದಬಂಧದ ಮುಂದೆ ಅರ್ಧ ದಿನ ಕೂತವರನ್ನು ಬುದ್ಧಿವಂತರು ಎನ್ನುತ್ತೇವೆ. ಆಟ ಪರದೆಯ ಮೇಲೆ ಬಂದಾಗ ಮಾತ್ರ ಆಡುವವರ ವಯಸ್ಸು ನೆನಪಾಗುತ್ತದೆ. ಇದು ನ್ಯಾಯವಲ್ಲ. ಆ ಪರದೆಯೊಳಗೆ ಏನು ನಡೆಯುತ್ತಿದೆ ಎಂದು ನೋಡದೆಯೇ ತೀರ್ಪು ಕೊಡುವುದು ವಿಮರ್ಶೆಯೂ ಅಲ್ಲ.

ದೊಡ್ಡವರು ಆಟವನ್ನು ಗಂಭೀರವಾಗಿ ಹಿಡಿದದ್ದಕ್ಕೆ ನಮ್ಮಲ್ಲಿ ಉದಾಹರಣೆಗೆ ಬರವಿಲ್ಲ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ವಿದ್ವಾಂಸರನ್ನು, ಚಿತ್ರಗಾರರನ್ನು ಕೂಡಿಸಿಕೊಂಡು ಮಾಡಿದ ಕೆಲಸಗಳಲ್ಲಿ ಆಟಗಳ ಅಧ್ಯಯನವೂ ಒಂದು. ಹೊಸ ಮಣೆ ಆಟಗಳನ್ನು ರೂಪಿಸಿದರು. ಚದುರಂಗದ ಕುದುರೆ ಪ್ರತಿಯೊಂದು ಮನೆಯನ್ನೂ ಒಂದೊಂದೇ ಸಲ ಮುಟ್ಟಿ ಬರುವ ಲೆಕ್ಕಗಳನ್ನು ಬಿಡಿಸಿದರು. ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ಭಾಗಗಳ ಪೈಕಿ ‘ಕೌತುಕ ನಿಧಿ’ ಎಂಬ ಭಾಗದಲ್ಲಿ ಆಟಗಳಿಗೆ ಜಾಗ ಕೊಟ್ಟರು. ಹಂಪಿಯ ಕಲ್ಲುಹಾಸುಗಳ ಮೇಲೆ ಇವತ್ತಿಗೂ ಕಾಣುವ ಆಟದ ಮನೆಗಳನ್ನು ಕೆತ್ತಿದವರೂ ಮಕ್ಕಳೇ ಆಗಿರಲಾರರು. ಆದರೆ ಪರಂಪರೆಯಲ್ಲಿ ಇದೆ ಎಂದ ಮಾತ್ರಕ್ಕೆ ಇವತ್ತಿನದೆಲ್ಲ ಸರಿಯಾಗುವುದಿಲ್ಲ. ಧರ್ಮರಾಯ ಆಡಿದ್ದೂ ಪಗಡೆಯೇ. ಹಾಗಾಗಿ ವಿಡಿಯೊ ಗೇಮನ್ನು ವಿಡಿಯೊ ಗೇಮಾಗಿಯೇ ತೆಗೆದುಕೊಂಡು ನೋಡಬೇಕು.

ನಾನು ಆರಿಸಿಕೊಂಡದ್ದು ‘ಪೇಪರ್ಸ್, ಪ್ಲೀಸ್’. ಲೂಕಸ್ ಪೋಪ್ ಎಂಬ ಅಮೆರಿಕದ ವಿನ್ಯಾಸಕ ಹೆಚ್ಚುಕಡಿಮೆ ಒಂಟಿಯಾಗಿ ಕಟ್ಟಿ 2013ರ ಆಗಸ್ಟ್‌ನಲ್ಲಿ ಹೊರತಂದ ಆಟ ಇದು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು. ಕಾಲ 1982. ಅರ್ಸ್ಟೊಟ್ಸ್‌ಕಾ ಎಂಬ ಕಲ್ಪಿತ ದೇಶ ಪಕ್ಕದ ದೇಶದೊಂದಿಗೆ ಆರು ವರ್ಷ ಯುದ್ಧ ಮಾಡಿ ಈಗಷ್ಟೇ ಗಡಿ ತೆರೆದಿದೆ. ಸರ್ಕಾರ ಲಾಟರಿ ಎತ್ತಿ ಕೆಲಸ ಹಂಚುತ್ತದೆ. ನಿಮಗೆ ಬಂದದ್ದು ಗಡಿಯ ತಪಾಸಣೆ ಕೌಂಟರಿನ ನೌಕರಿ. ಕುದುರೆಯಿಲ್ಲ, ರಾಜಕುಮಾರಿಯಿಲ್ಲ. ಮುಂದೊಂದು ಮೇಜು, ಕೈಗೊಂದು ನಿಯಮ ಪುಸ್ತಕ, ಹಸಿರು ಮತ್ತು ಕೆಂಪು ಬಣ್ಣದ ಎರಡು ಠಸ್ಸೆ. ಕಿಟಕಿಯಾಚೆ ಉದ್ದನೆಯ ಸಾಲು.

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಪಾಸ್‌ಪೋರ್ಟ್ ಚಾಚುತ್ತಾರೆ. ಫೋಟೊ ಮುಖಕ್ಕೆ ಹೊಂದುತ್ತದೆಯೇ, ಅವಧಿ ಮುಗಿದಿದೆಯೇ, ಕೊಟ್ಟ ಊರಿನ ಹೆಸರು ಆ ದೇಶದ್ದೇ ಹೌದೇ ಎಂದು ನೋಡಿ ಠಸ್ಸೆ ಒತ್ತಬೇಕು. ಮೊದಲ ದಿನ ನಿಯಮ ಒಂದೇ: ಸ್ವದೇಶದವರಿಗೆ ಮಾತ್ರ ಪ್ರವೇಶ. ಆಮೇಲೆ ದಿನಕ್ಕೊಂದು ಹೊಸ ಸುತ್ತೋಲೆ. ಪ್ರವೇಶ ಪರವಾನಗಿ ಬೇಕು, ಕೆಲಸದ ಪಾಸ್ ಬೇಕು, ಎತ್ತರ ಮತ್ತು ತೂಕ ಬರೆದ ಚೀಟಿ ಬೇಕು. ಒಬ್ಬರ ಕಾಗದ ಮುಗಿಸಿದರೆ ಐದು ಕ್ರೆಡಿಟ್ ಕೂಲಿ. ತಪ್ಪಾದರೆ ಪಕ್ಕದ ಯಂತ್ರ ಕಟಕಟನೆ ಚೀಟಿ ಉಗುಳುತ್ತದೆ. ದಿನದ ಮೊದಲೆರಡು ತಪ್ಪಿಗೆ ಎಚ್ಚರಿಕೆ, ಅಲ್ಲಿಂದ ಮುಂದೆ ದಂಡ. ಸಂಜೆ ಲೆಕ್ಕದ ಪುಟ ತೆರೆದುಕೊಳ್ಳುತ್ತದೆ. ಬಾಡಿಗೆ ಕಳೆದ ಮೇಲೆ ಉಳಿದ ದುಡ್ಡಿನಲ್ಲಿ ಊಟವೋ, ಮನೆ ಬೆಚ್ಚಗಿಡುವ ಖರ್ಚೋ, ಜ್ವರ ಬಂದ ಮಗನಿಗೆ ಔಷಧಿಯೋ ಎಂದು ಆರಿಸಬೇಕು. ಮನೆಯಲ್ಲಿ ಹೆಂಡತಿ, ಮಗ, ಅತ್ತೆ ಮತ್ತು ಚಿಕ್ಕಪ್ಪ ಇದ್ದಾರೆ. ಲೆಕ್ಕದ ಪುಟದಲ್ಲಿ ಅವರ ಮುಖ ಕಾಣುವುದಿಲ್ಲ. ಹೆಸರಿನ ಪಕ್ಕದಲ್ಲಿ ಹಸಿವು, ಚಳಿ, ಕಾಯಿಲೆ ಎಂಬ ಒಂದೊಂದು ಪದ ಮಾತ್ರ.

ಒಂದು ದಿನ ಒಬ್ಬ ಗಂಡಸು ಬರುತ್ತಾನೆ. ಅವನ ಕಾಗದಗಳೆಲ್ಲ ಸರಿಯಾಗಿವೆ. ಹಿಂದೆ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಒಳಗೆ ಹೋಗುತ್ತಾನೆ. ಹೆಂಡತಿ ಬರುತ್ತಾಳೆ, ಅವಳ ಬಳಿ ಪ್ರವೇಶ ಪರವಾನಗಿ ಇಲ್ಲ. ವಾಪಸ್ ಕಳಿಸಿದರೆ ಕೊಂದುಹಾಕುತ್ತಾರೆ ಎಂದು ಬೇಡಿಕೊಳ್ಳುತ್ತಾಳೆ. ಈ ಹೊತ್ತಿಗೆ ನಿಮ್ಮ ಹೆಸರಿನಲ್ಲಿ ಆ ದಿನ ಎರಡು ತಪ್ಪು ಆಗಲೇ ಆಗಿದ್ದರೆ ಅವಳನ್ನು ಬಿಟ್ಟ ತಕ್ಷಣ ದಂಡ ಬೀಳುತ್ತದೆ. ತಪ್ಪಿಲ್ಲದೆ ಕೆಲಸ ಮಾಡಿದ್ದರೆ ಒಂದು ದಯೆಗೆ ಜಾಗ ಉಳಿದಿರುತ್ತದೆ. ಅಂದರೆ ಬೆಳಗಿನಿಂದ ಎಷ್ಟು ಎಚ್ಚರವಾಗಿದ್ದಿರಿ ಎಂಬುದು ಮಧ್ಯಾಹ್ನ ನೀವು ಎಷ್ಟು ಒಳ್ಳೆಯವರಾಗಿರಬಲ್ಲಿರಿ ಎಂಬುದನ್ನು ನಿರ್ಧರಿಸುತ್ತದೆ. ಇದನ್ನು ಕಾದಂಬರಿ ಹೇಳಬಲ್ಲದು, ಸಿನಿಮಾ ತೋರಿಸಬಲ್ಲದು. ಆದರೆ ಠಸ್ಸೆ ನನ್ನ ಕೈಯಲ್ಲಿದ್ದಾಗ ಆಗುವ ಸಂಕಟವನ್ನು ಅವೆರಡೂ ನನಗೆ ಕೊಟ್ಟಿಲ್ಲ. ಓದುವಾಗ ಗುಮಾಸ್ತನನ್ನು ಬೈಯುತ್ತೇವೆ. ಇಲ್ಲಿ ಆ ಗುಮಾಸ್ತ ನಾವೇ.

ಹನ್ನೆರಡರ ಹುಡುಗನ ಕೈಗೆ ಈ ಆಟ ಕೊಟ್ಟರೆ ನಮಗಿಂತ ಚುರುಕಾಗಿಯೇ ಆಡುತ್ತಾನೆ. ಅವನಿಗೆ ಅದು ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಒಗಟು. ಬಾಡಿಗೆ ಕಟ್ಟಿದವರಿಗೆ, ಮೇಲಧಿಕಾರಿಯ ಮೆಮೊ ತೆಗೆದುಕೊಂಡವರಿಗೆ, ಅತ್ತೆಯ ಔಷಧಿಗೂ ಮಗನ ಫೀಸಿಗೂ ಒಂದೇ ಸಂಬಳ ಎಳೆದವರಿಗೆ ಮಾತ್ರ ಈ ಒಗಟಿನ ಒಳಗೆ ಏನಿದೆ ಎಂದು ತಿಳಿಯುತ್ತದೆ. ದೊಡ್ಡವರು ಗೇಮ್ ಆಡಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇದು: ದೊಡ್ಡವರೇ ಆಡಬೇಕಾದ ಗೇಮುಗಳಿವೆ.

ಕೊರತೆಗಳಿಲ್ಲ ಎಂದಲ್ಲ. ನಡುವೆ ಬರುವ ಗುಪ್ತ ಕ್ರಾಂತಿಕಾರಿ ಸಂಘಟನೆಯ ಕಥೆ ಆಟದ ಉಳಿದ ಭಾಗದಷ್ಟು ಗಟ್ಟಿಯಾಗಿಲ್ಲ. ಮುಸುಕುಧಾರಿಗಳು, ಸಂಕೇತದ ಚೀಟಿಗಳು ಇವೆಲ್ಲ ಬಂದಾಗ ಕೌಂಟರಿನ ಸಾದಾ ಸಂಕಟ ಹಿಂದೆ ಸರಿದು ಪತ್ತೇದಾರಿ ರಂಜನೆ ಮುಂದೆ ಬರುತ್ತದೆ. ಸಾಲಿನಲ್ಲಿ ಬರುವ ಹೆಚ್ಚಿನವರನ್ನು ಯಂತ್ರವೇ ಜೋಡಿಸುವುದರಿಂದ ಅದೇ ಮಾತುಗಳು ಮತ್ತೆ ಮತ್ತೆ ಕೇಳಿಸುತ್ತವೆ. ಇದು ದೋಷ ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಮುಖಗಳು ಒಂದೇ ತರಹ ಕಾಣತೊಡಗುವುದೇ ಆ ನೌಕರಿ ಮನುಷ್ಯನಿಗೆ ಮಾಡುವ ಅನ್ಯಾಯ. ಆಟ ಅದನ್ನು ಹೇಳದೆ ನಮ್ಮ ಕೈಯಲ್ಲೇ ಮಾಡಿಸುತ್ತದೆ.

ಇನ್ನೊಂದು ಗುಣವನ್ನು ಒತ್ತಿ ಹೇಳಬೇಕು. ಈ ಆಟದಲ್ಲಿ ದಿನ ಮುಗಿಯುತ್ತದೆ. ಗಂಟೆಯಾದರೆ ಕಿಟಕಿ ಮುಚ್ಚುತ್ತದೆ, ಲೆಕ್ಕ ಬರುತ್ತದೆ, ಏಳಬೇಕೆನಿಸಿದರೆ ಎದ್ದು ಅಡುಗೆಮನೆಗೆ ಹೋಗಬಹುದು. ಎಷ್ಟು ದಿನ ಬಿಟ್ಟು ಬಂದರೂ ಅದು ನಮ್ಮನ್ನು ಏನೂ ಕೇಳುವುದಿಲ್ಲ.

2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್ ಸಾಗಾ’ದ ರೀತಿ ಬೇರೆ. ಐದು ಜೀವ ಕೊಡುತ್ತದೆ, ಸೋತಂತೆ ಒಂದೊಂದು ಹೋಗುತ್ತದೆ, ಅರ್ಧ ಗಂಟೆಗೆ ಒಂದು ಮರಳಿ ಬರುತ್ತದೆ. ಕಾಯಲಾರದವರು ದುಡ್ಡು ಕೊಡಬೇಕು, ಇಲ್ಲವೇ ನೆಂಟರಿಷ್ಟರನ್ನು ಕೇಳಬೇಕು. ಇಲ್ಲೂ ಆಟ ನಿಲ್ಲುತ್ತದೆ, ಆದರೆ ಆಸೆ ಅರ್ಧಕ್ಕೇ ಉಳಿಯುವ ಹಾಗೆ ನಿಲ್ಲುತ್ತದೆ. ಅರ್ಧ ಗಂಟೆಯಾಯಿತೇ ಎಂದು ಮನಸ್ಸು ಆಗಾಗ ಫೋನಿನ ಕಡೆ ಹೋಗುತ್ತದೆ. ಬಣ್ಣದ ಮಿಠಾಯಿ ಜೋಡಿಸುವುದರಲ್ಲಿ ಮಕ್ಕಳತನ ಏನೂ ಇಲ್ಲ. ಆ ಜೋಡಣೆಯ ಲೆಕ್ಕ ಚೆನ್ನಾಗಿಯೇ ಇದೆ. ನನ್ನ ಆಕ್ಷೇಪ ಕಾಯಿಸುವ ಈ ಏರ್ಪಾಡಿನ ಬಗ್ಗೆ.

ಹಾಗಿದ್ದರೂ ಮಧ್ಯಾಹ್ನ ಪಾತ್ರೆ ತೊಳೆದು, ಒಣಗಿದ ಬಟ್ಟೆ ಮಡಚಿಟ್ಟು, ಮಕ್ಕಳು ಶಾಲೆಯಿಂದ ಬರುವ ಮೊದಲು ಅರ್ಧ ಗಂಟೆ ಆ ಆಟ ಆಡುವ ಗೃಹಿಣಿಯ ಪರವಾಗಿಯೇ ನಾನು ನಿಲ್ಲುತ್ತೇನೆ. ಗಂಡಸರ ಇಸ್ಪೀಟಿಗೆ ಊರಿಗೊಂದು ಕ್ಲಬ್ಬಿದೆ, ಕಟ್ಟೆಯಿದೆ. ಅವಳ ಬಿಡುವಿಗೆ ಇರುವುದು ಆ ಫೋನು ಮಾತ್ರ. ಬೈಗುಳ ಮೊದಲು ಬೀಳುವುದೂ ಅವಳ ಮೇಲೆಯೇ. ‘ಇದಕ್ಕಿಂತ ಒಳ್ಳೆಯ ಆಟ ಒಂದಿದೆ ಕಣೇ, ಹಾಕಿಕೊಡ್ತೀನಿ ನೋಡು’ ಎಂದು ಯಾರಾದರೂ ಅವಳಿಗೆ ಹೇಳಿದ್ದಾರೆಯೇ? ನಮ್ಮ ಪತ್ರಿಕೆಗಳು ಪ್ರತಿ ಶುಕ್ರವಾರದ ಸಿನಿಮಾಕ್ಕೆ ವಿಮರ್ಶೆ ಬರೆಯುತ್ತವೆ. ಕೋಟ್ಯಂತರ ಜನ ಆಡುವ ಆಟಗಳಿಗೆ ಎರಡು ಸಾಲು ಬರೆಯುವುದು ಅಪರೂಪ. ಜನ ಜಾಹೀರಾತು ತೋರಿಸಿದ ಆಟಕ್ಕೇ ಹೋಗುತ್ತಾರೆ.

ಜಾಹೀರಾತು ತೋರಿಸಿದ್ದು ಬಹಳ ಕಾಲ ದುಡ್ಡಿನ ಆಟಗಳನ್ನು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶಕ್ಕೇ ಅನ್ವಯವಾಗುವಂತೆ ನಿಷೇಧಿಸುವ ಕಾನೂನು ಮಾಡಿತು. ನ್ಯಾಯಾಲಯಗಳಲ್ಲಿ ವಾದ ನಡೆದದ್ದು ಹೆಚ್ಚಾಗಿ ಇದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತ. ಸಂಬಳದ ದುಡ್ಡು ರಾತ್ರೋರಾತ್ರಿ ಕಳೆದುಕೊಂಡವನ ಮನೆಯಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿಲ್ಲ. ಈ ದಂಧೆಯ ಕೆಟ್ಟ ಹೆಸರು ಉಳಿದೆಲ್ಲ ಗೇಮುಗಳಿಗೂ ಅಂಟಿಕೊಂಡದ್ದು ದೊಡ್ಡ ನಷ್ಟ.

ಗೀಳಿನ ಮಾತನ್ನೂ ಮುಚ್ಚಿಡಬಾರದು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಉಳಿದು ಬದುಕನ್ನೇ ಕೆಡಿಸಿದರೆ ಅದನ್ನು ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ–11 ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥವರಿಗಾಗಿ ‘ಶಟ್’ ಕ್ಲಿನಿಕ್ ತೆರೆದಿದೆ. ನೆರವು ಬೇಕಾದವರನ್ನು ಅಲ್ಲಿಗೆ ಕರೆದೊಯ್ಯಬೇಕೇ ಹೊರತು ವಯಸ್ಸು ಹೇಳಿ ಹಂಗಿಸಿ ಪ್ರಯೋಜನವಿಲ್ಲ. ಊಟದ ತಟ್ಟೆಯ ಮುಂದೆ ಮಗಳು ಏನೋ ಹೇಳುತ್ತಿದ್ದರೂ ಅಪ್ಪ ಪರದೆಯಿಂದ ಕಣ್ಣು ತೆಗೆಯದಿದ್ದರೆ ತಪ್ಪು ನಿಜ. ಅವನು ನೋಡುತ್ತಿರುವುದು ಗೇಮಾಗಲಿ, ಷೇರಿನ ದರವಾಗಲಿ, ಸುದ್ದಿಯಾಗಲಿ, ಆ ಮಗುವಿಗೆ ಎಲ್ಲ ಒಂದೇ.

ಇಷ್ಟು ಹೇಳಿದ ಮೇಲೂ ನನ್ನ ದೂರು ಒಂದು ಉಳಿದಿದೆ. ‘ಪೇಪರ್ಸ್, ಪ್ಲೀಸ್’ ಹಲವು ಭಾಷೆಗಳಿಗೆ ಹೋಗಿದೆ, ಕನ್ನಡಕ್ಕೆ ಬಂದಿಲ್ಲ. ಸುತ್ತೋಲೆ, ನಿಯಮ ಪುಸ್ತಕ, ಸಾಲಿನವರ ಬೇಡಿಕೆ ಎಲ್ಲವೂ ಮಾತಿನಲ್ಲೇ ಇರುವ ಆಟವಿದು. ಇಂಗ್ಲಿಷ್ ಸರಾಗವಾಗಿ ಓದದವರಿಗೆ ಮೊದಲ ದಿನವೇ ಬಾಗಿಲು ಮುಚ್ಚುತ್ತದೆ. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಅರ್ಜಿ ತಿರುಗಿಸಿದವರು, ಅದೇ ಕೌಂಟರಿನ ಆಚೆ ಪಹಣಿಗಾಗಿ ಬಿಸಿಲಲ್ಲಿ ನಿಂತವರು ಇಬ್ಬರೂ ನಮ್ಮಲ್ಲಿದ್ದಾರೆ. ಈ ಆಟವನ್ನು ಅವರು ಆಡಿ ಅಭಿಪ್ರಾಯ ಹೇಳಿದರೆ ಅದು ಬಾಫ್ಟಾದ ತೀರ್ಪುಗಾರರಿಗೂ ಹೊಳೆಯದ ಮಾತಾಗಿರುತ್ತದೆ. ಸಾಫ್ಟ್‌ವೇರ್ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಕುಳಿತು ಇದನ್ನು ಕನ್ನಡಕ್ಕೆ ತರುವುದು, ಅಥವಾ ನಮ್ಮದೇ ಪಹಣಿಯ ಸಾಲನ್ನು ಇಟ್ಟುಕೊಂಡು ಹೊಸ ಆಟ ಕಟ್ಟುವುದು, ಯಾರೂ ಮಾಡಲಾಗದ ಕೆಲಸವೇನಲ್ಲ.