ಮೂಲ ಪ್ರತಿ ಎಲ್ಲಿದೆ?

ಫೋನಿನಲ್ಲಿ ಬರೆದಿಟ್ಟ ಮದುವೆ ಮುಹೂರ್ತ ಲ್ಯಾಪ್‌ಟಾಪಿನಲ್ಲಿ ಕಾಣುವುದಿಲ್ಲ. ಆಫೀಸಿನ ಮೀಟಿಂಗ್ ಮುಂದಕ್ಕೆ ಹೋಗಿದ್ದರೂ ಕೈಯಲ್ಲಿರುವ ಫೋನ್ ಹಳೆಯ ಸಮಯಕ್ಕೇ ನೆನಪಿಸುತ್ತದೆ. ಹೆಂಡತಿ ಹಾಕಿದ ದಂತವೈದ್ಯರ ಅಪಾಯಿಂಟ್‌ಮೆಂಟ್ ಗಂಡನ ಫೋನಿಗೆ ಬಂದೇ ಇಲ್ಲ, ಅತ್ತೆಯ ಹುಟ್ಟುಹಬ್ಬ ಮಾತ್ರ ಒಂದೇ ದಿನ ಮೂರು ಸಾಲು ಬಂದು ಕೂತಿದೆ. ಆನ್‌ಲೈನ್ ಕ್ಯಾಲೆಂಡರ್ ಬಳಸುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕಂಡವರೇ. ಕಂಡ ಕೂಡಲೇ ಹೆಚ್ಚಿನವರು ಖಾತೆ ತೆಗೆದು ಮತ್ತೆ ಹಾಕುತ್ತಾರೆ, ಆ್ಯಪ್ ಅಳಿಸಿ ಮತ್ತೆ ಇಳಿಸಿಕೊಳ್ಳುತ್ತಾರೆ. ಅದರಿಂದ ಒಮ್ಮೊಮ್ಮೆ ಸರಿಹೋಗುತ್ತದೆ, ಒಮ್ಮೊಮ್ಮೆ ಇದ್ದದ್ದೂ ಹೋಗುತ್ತದೆ.

ಕ್ಯಾಲೆಂಡರನ್ನು ಪ್ರೀತಿಯಿಂದ ಬಳಸುವ ನಾನು ಈ ವಾರ ಓದುಗರಿಗೆ ಹೇಳಬೇಕೆಂದಿರುವುದು ಒಂದೇ ಮಾತು. ಸೆಟ್ಟಿಂಗ್ಸಿಗೆ ಕೈಹಾಕುವ ಮೊದಲು, ಕಾಣೆಯಾದ ಅಥವಾ ತಪ್ಪಾಗಿ ಕಾಣುತ್ತಿರುವ ಆ ಒಂದು ನಮೂದಿನ ಮೂಲ ಪ್ರತಿ ಯಾವ ಖಾತೆಯಲ್ಲಿದೆ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ಅರ್ಧ ರಿಪೇರಿ ಮುಗಿದ ಹಾಗೆಯೇ.

ಹೊಲದ ಪಹಣಿಯ ಮೂಲ ಸರ್ಕಾರಿ ದಾಖಲೆಯಲ್ಲಿದ್ದು ಅದರ ನಕಲು ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವಂತೆ, ಆನ್‌ಲೈನ್ ಕ್ಯಾಲೆಂಡರಿನ ಮೂಲ ಸರ್ವರಿನಲ್ಲಿರುತ್ತದೆ. ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಎಲ್ಲದರಲ್ಲೂ ಇರುವುದು ನಕಲು. ಸಿಂಕ್ ಎಂದರೆ ನಕಲನ್ನು ಮೂಲಕ್ಕೆ ಸರಿಹೊಂದಿಸುವ ಕೆಲಸ. ಆದರೆ ಫೋನ್ ಪ್ರತಿ ಸಲವೂ ಇಡೀ ಕ್ಯಾಲೆಂಡರನ್ನು ಇಳಿಸಿಕೊಳ್ಳುವುದಿಲ್ಲ. ಕಳೆದ ಸಲ ಸರ್ವರ್ ಕೊಟ್ಟಿದ್ದ ಒಂದು ಗುರುತನ್ನು ತೋರಿಸಿ, ಇಲ್ಲಿಯವರೆಗಿನದು ನನ್ನ ಬಳಿ ಇದೆ, ಆಮೇಲೆ ಏನೇನು ಬದಲಾಯಿತು ಎಂದು ಕೇಳುತ್ತದೆ. ಸರ್ವರ್ ಬದಲಾದಷ್ಟನ್ನೇ ಕೊಟ್ಟು ಹೊಸ ಗುರುತು ಹಚ್ಚಿ ಕಳಿಸುತ್ತದೆ. ಈ ಗುರುತಿನ ಹೆಸರು ಸಿಂಕ್ ಟೋಕನ್. ಟೋಕನ್ ತೀರಾ ಹಳತಾಗಿದ್ದರೆ ಗೂಗಲ್ ಸರ್ವರ್ 410 ಎಂಬ ಸಂಖ್ಯೆಯ ಉತ್ತರ ಕೊಡುತ್ತದೆ. ಆಗ ಆ್ಯಪ್ ತನ್ನ ನಕಲನ್ನು ಅಳಿಸಿ ಎಲ್ಲವನ್ನೂ ಮೊದಲಿನಿಂದ ತಂದುಕೊಳ್ಳಬೇಕು. ಬಹಳ ದಿನ ಮುಟ್ಟದ ಟ್ಯಾಬನ್ನು ತೆರೆದಾಗ ಕ್ಯಾಲೆಂಡರ್ ಒಂದು ಗಳಿಗೆ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆಗ ಗಾಬರಿ ಬಿದ್ದು ಏನನ್ನೂ ಒತ್ತಬೇಡಿ, ಸುಮ್ಮನೆ ಕಾಯಿರಿ.

ಬೇರೆ ಬೇರೆ ಕಂಪನಿಗಳ ಕ್ಯಾಲೆಂಡರುಗಳು ಒಂದಕ್ಕೊಂದು ಮಾತಾಡುವುದು ಎರಡು ಒಪ್ಪಂದಗಳ ಬಲದಿಂದ. ಮೊದಲನೆಯದು 1998ರಲ್ಲಿ ಬಂದು 2009ರಲ್ಲಿ ಪರಿಷ್ಕಾರಗೊಂಡ ಐಕ್ಯಾಲೆಂಡರ್. ಒಂದು ಕಾರ್ಯಕ್ರಮವನ್ನು ಹೇಗೆ ಬರೆಯಬೇಕು ಎನ್ನುವುದನ್ನು ಅದು ಹೇಳುತ್ತದೆ. ಎರಡನೆಯದು 2007ರ ಕ್ಯಾಲ್‌ಡ್ಯಾವ್. ಬರೆದದ್ದನ್ನು ಸರ್ವರಿಗೂ ಸಾಧನಕ್ಕೂ ನಡುವೆ ಹೇಗೆ ಸಾಗಿಸಬೇಕು ಎನ್ನುವುದು ಅದರ ವಿಷಯ. ಐಫೋನಿನ ಸ್ವಂತ ಕ್ಯಾಲೆಂಡರ್ ಆ್ಯಪಿಗೆ ನಿಮ್ಮ ಗೂಗಲ್ ಖಾತೆ ಸೇರಿಸಿದಾಗ ಅವೆರಡರ ನಡುವೆ ನಡೆಯುವುದು ಕ್ಯಾಲ್‌ಡ್ಯಾವ್ ಸಂಭಾಷಣೆಯೇ.

ಇಮೇಲಿನಲ್ಲಿ ಬರುವ, ಹೆಸರಿನ ಕೊನೆಗೆ ಐಸಿಎಸ್ ಎಂದಿರುವ ಕಡತವನ್ನು ಒಮ್ಮೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಒಳಗಿರುವುದು ಬರೀ ಅಕ್ಷರ. ಯಾರು ಬೇಕಾದರೂ ಓದಬಹುದು. ಅದರಲ್ಲಿ ಪ್ರತಿ ಕಾರ್ಯಕ್ರಮವೂ 'ಬಿಗಿನ್ ವಿ-ಇವೆಂಟ್' ಎಂದು ಶುರುವಾಗಿ 'ಎಂಡ್ ವಿ-ಇವೆಂಟ್' ಎಂದು ಮುಗಿಯುತ್ತದೆ. ನಡುವೆ 'ಡಿಟಿ-ಸ್ಟಾರ್ಟ್' ಎಂಬ ಸಾಲಿನಲ್ಲಿ ಶುರುವಾಗುವ ಹೊತ್ತು, 'ಸಮ್ಮರಿ'ಯಲ್ಲಿ ಶೀರ್ಷಿಕೆ, 'ಆರ್‌-ರೂಲ್' ಎಂಬಲ್ಲಿ ಪ್ರತಿ ಸೋಮವಾರ ಬರಬೇಕೋ ವರ್ಷಕ್ಕೊಮ್ಮೆ ಬರಬೇಕೋ ಎಂಬ ಸೂಚನೆ. ನಮಗೆ ಮುಖ್ಯವಾದ ಸಾಲು 'ಯುಐಡಿ'. ಅರ್ಥವಿಲ್ಲದ ಅಕ್ಷರ, ಅಂಕಿಗಳ ಉದ್ದನೆ ಸರ ಅದು. ಜಗತ್ತಿನಲ್ಲಿ ಆ ಒಂದು ಕಾರ್ಯಕ್ರಮಕ್ಕೆ ಮಾತ್ರ ಸೇರಿದ್ದು. ಮದುವೆಯ ಹೆಸರು, ಛತ್ರ, ಸಮಯ ಎಲ್ಲ ಬದಲಾದರೂ ಯುಐಡಿ ಅದೇ ಇದ್ದರೆ ಇದು ಹಳೆಯದರ ತಿದ್ದುಪಡಿ ಎಂದು ಕ್ಯಾಲೆಂಡರಿಗೆ ತಿಳಿಯುತ್ತದೆ. ಎಲ್ಲ ಒಂದೇ ಇದ್ದು ಯುಐಡಿ ಬೇರೆಯಾದರೆ ಅದರ ಲೆಕ್ಕದಲ್ಲಿ ಅವು ಎರಡು ಮದುವೆ.

ಒಂದೇ ನಮೂದು ಎರಡು ಮೂರು ಸಲ ಬರುವ ಕಾಟಕ್ಕೆ ಬಹುಪಾಲು ಕಾರಣ ಇಲ್ಲೇ ಇದೆ. ಒಂದೇ ಕಾರ್ಯಕ್ರಮವನ್ನು ಗೂಗಲ್ ಖಾತೆಯಲ್ಲಿ ಒಮ್ಮೆ, ಐಕ್ಲೌಡ್ ಖಾತೆಯಲ್ಲಿ ಇನ್ನೊಮ್ಮೆ ಬರೆದು, ಎರಡೂ ಖಾತೆಗಳನ್ನು ಒಂದೇ ಪರದೆಯಲ್ಲಿ ನೋಡುತ್ತಿರುತ್ತೇವೆ. ಹುಟ್ಟುಹಬ್ಬಗಳಂತೂ ಸಂಪರ್ಕಗಳ ಪಟ್ಟಿಯಿಂದ ತಾವಾಗಿಯೇ ಬರುತ್ತವೆ. ಅತ್ತೆಯ ನಂಬರು ಎರಡು ಖಾತೆಗಳಲ್ಲಿದ್ದು ನೀವೂ ಕೈಯಾರೆ ಒಂದು ನಮೂದು ಹಾಕಿದ್ದರೆ ಮೂರಾಯಿತು. ಇಂಥ ಕಡೆ ಕಂಡಕಂಡದ್ದನ್ನು ಅಳಿಸುತ್ತಾ ಹೋಗಬೇಡಿ. ಪ್ರತಿ ಸಾಲನ್ನೂ ಒತ್ತಿ ಅದು ಯಾವ ಖಾತೆಯದ್ದೆಂದು ನೋಡಿ, ಬೇಡದ ಖಾತೆಯ ಹುಟ್ಟುಹಬ್ಬದ ಪಟ್ಟಿಯ ಮುಂದಿನ ಟಿಕ್ ತೆಗೆಯಿರಿ.

ಇನ್ನು ಸಿಂಕ್ ಆಗದಿದ್ದಾಗ ಪರೀಕ್ಷಿಸುವ ಕ್ರಮ. ಕಂಪ್ಯೂಟರಿನ ಬ್ರೌಸರಿನಲ್ಲಿ ಕ್ಯಾಲೆಂಡರ್ ತೆರೆಯಿರಿ. ಮೂಲಕ್ಕೆ ತೀರಾ ಹತ್ತಿರವಿರುವುದು ಅದೇ. ಅಲ್ಲಿ ನಾಳೆಯ ದಿನಕ್ಕೆ 'ಮೇಲಿನಿಂದ ಕೆಳಕ್ಕೆ' ಎಂಬ ಹೆಸರಿನ ನಮೂದು ಹಾಕಿ. ಫೋನಿನಲ್ಲಿ 'ಕೆಳಗಿನಿಂದ ಮೇಲಕ್ಕೆ' ಎಂಬ ಇನ್ನೊಂದು ಹಾಕಿ. ಸ್ವಲ್ಪ ಹೊತ್ತು ಬಿಟ್ಟು ಎರಡೂ ಕಡೆ ನೋಡಿ. ಮೇಲಿನದು ಕೆಳಗೆ ಬಂದು, ಕೆಳಗಿನದು ಮೇಲೆ ಹೋಗದಿದ್ದರೆ, ಫೋನ್ ಹೊಸ ನಮೂದುಗಳನ್ನು ಬೇರೆಲ್ಲೋ ಬರೆಯುತ್ತಿದೆ ಎಂದರ್ಥ. ಫೋನ್ ತಯಾರಕರ ಕ್ಯಾಲೆಂಡರ್ ಆ್ಯಪುಗಳಲ್ಲಿ ಇದು ಸರ್ವೇಸಾಧಾರಣ. ಅವುಗಳಲ್ಲಿ ಫೋನಿನೊಳಗಷ್ಟೇ ಇರುವ ಕ್ಯಾಲೆಂಡರ್ ಒಂದಿರುತ್ತದೆ, ಹೊಸತೆಲ್ಲ ಅಲ್ಲಿಗೇ ಹೋಗುತ್ತದೆ. ಅದರ ಮೂಲವೂ ನಕಲೂ ಆ ಫೋನೇ. ಫೋನ್ ಕಳೆದರೆ ಅದೂ ಕಳೆಯಿತು. ಆ್ಯಪಿನ ಸೆಟ್ಟಿಂಗ್ಸಿಗೆ ಹೋಗಿ ಡಿಫಾಲ್ಟ್ ಕ್ಯಾಲೆಂಡರ್ ಯಾವುದೆಂದು ನೋಡಿ ನಿಮ್ಮ ಗೂಗಲ್ ಖಾತೆಗೆ ಬದಲಿಸಿ. ಈಗಾಗಲೇ ಒಳಗೆ ಸಿಕ್ಕಿಕೊಂಡಿರುವುದನ್ನು ಒಂದೊಂದಾಗಿ ತೆರೆದು ಖಾತೆ ಬದಲಿಸಬೇಕು. ಕೆಲವು ಆ್ಯಪುಗಳು ಬದಲಿಸಲು ಬಿಡುವುದಿಲ್ಲ, ಅಲ್ಲಿ ಹೊಸದಾಗಿಯೇ ಬರೆಯಬೇಕು.

ಕೆಳಗಿನದು ಮೇಲೆ ಹೋಗಿ, ಮೇಲಿನದು ಕೆಳಗೆ ಬರದಿದ್ದರೆ ನೋಡಬೇಕಾದ ಜಾಗವೇ ಬೇರೆ. ಆಂಡ್ರಾಯ್ಡ್ ಫೋನಿನಲ್ಲಾದರೆ ಗೂಗಲ್ ಕ್ಯಾಲೆಂಡರ್ ಆ್ಯಪಿನ ಸೆಟ್ಟಿಂಗ್ಸಿನಲ್ಲಿ ಆ ಕ್ಯಾಲೆಂಡರಿನ ಹೆಸರು ಒತ್ತಿ ಸಿಂಕ್ ಆನ್ ಇದೆಯೇ ನೋಡಿ. ಫೋನಿನ ಖಾತೆಗಳ ಪಟ್ಟಿಯಲ್ಲೂ ಕ್ಯಾಲೆಂಡರ್ ಎದುರು ಇನ್ನೊಂದು ಸ್ವಿಚ್ ಇದೆ, ಅದೂ ಆನ್ ಇರಬೇಕು. ಬ್ಯಾಟರಿ ಸೇವರ್, ಡೇಟಾ ಸೇವರ್ ಎರಡೂ ಹಿನ್ನೆಲೆಯ ಸಿಂಕನ್ನು ತಡೆಯಬಲ್ಲವು. ಐಫೋನಿನ ಸ್ವಂತ ಆ್ಯಪು ಗೂಗಲ್ ಖಾತೆಯಿಂದ ಹೊಸತನ್ನು ತರುವುದು ತಾನೇ ಆಗಾಗ ಹೋಗಿ ಕೇಳಿದಾಗ. 15 ನಿಮಿಷಕ್ಕೊಮ್ಮೆ, ಅರ್ಧ ಗಂಟೆಗೊಮ್ಮೆ, ಗಂಟೆಗೊಮ್ಮೆ ಎಂದು ನಿಗದಿ ಮಾಡಬಹುದು. 'ಆಟೊಮ್ಯಾಟಿಕಲಿ' ಎಂದಿದ್ದರೆ ಚಾರ್ಜಿಗೆ ಹಾಕಿ ವೈಫೈನಲ್ಲಿದ್ದಾಗ ಮಾತ್ರ ಹಿನ್ನೆಲೆಯಲ್ಲಿ ಕೇಳುತ್ತದೆ. ದಿನವಿಡೀ ಬಸ್ಸು, ಮೆಟ್ರೊ ಎಂದು ಓಡಾಡುವವರಿಗೆ ರಾತ್ರಿಯವರೆಗೆ ಹೊಸ ಸುದ್ದಿ ಬಾರದಿರುವುದು ಇದರಿಂದ. ಹಳೆಯ ನಮೂದುಗಳು ಮಾಯವಾದವು ಎಂದು ಕೊರಗುವವರೂ ಅಲ್ಲೇ ಇನ್ನೊಂದನ್ನು ನೋಡಬೇಕು. ಹಿಂದಿನ ಒಂದು ತಿಂಗಳಷ್ಟನ್ನೇ ತೋರಿಸು ಎಂದು ಸೆಟ್ಟಿಂಗ್ ಇದ್ದರೆ ಅದನ್ನು ಎಲ್ಲ ಕಾರ್ಯಕ್ರಮ ಎಂದು ಬದಲಿಸಿದರಾಯಿತು. ಮೂಲದಲ್ಲಿ ಅವೆಲ್ಲ ಇದ್ದೇ ಇರುತ್ತವೆ.

ಗಂಡ-ಹೆಂಡತಿ ಹಂಚಿಕೊಂಡ ಗೂಗಲ್ ಕ್ಯಾಲೆಂಡರ್ ಒಬ್ಬರ ಐಫೋನಿನಲ್ಲಿ ಮಾತ್ರ ಕಾಣದಿದ್ದರೆ ಅದಕ್ಕೆ ಮದ್ದು ಫೋನಿನಲ್ಲಿಲ್ಲ. ಯಾವ ಯಾವ ಹಂಚಿಕೆಯ ಕ್ಯಾಲೆಂಡರುಗಳನ್ನು ಆ್ಯಪಲ್ ಸಾಧನಗಳಿಗೆ ಕಳಿಸಬೇಕು ಎಂದು ಟಿಕ್ ಹಾಕಲು ಗೂಗಲ್‌ನಲ್ಲಿ ಸಿಂಕ್‌ಸೆಲೆಕ್ಟ್ ಎಂಬ ಪ್ರತ್ಯೇಕ ಪುಟವೇ ಇದೆ. ಅಲ್ಲಿ ಟಿಕ್ ಹಾಕಿ ಉಳಿಸಿದರೆ ಸಾಕು.

ಇಂಪೋರ್ಟ್ ಮತ್ತು ಸಬ್‌ಸ್ಕ್ರೈಬ್ ನಡುವಿನ ವ್ಯತ್ಯಾಸ ತಿಳಿಯದೆ ಆಗುವ ತೊಂದರೆಯೂ ಬಹಳ. ಮಕ್ಕಳ ಶಾಲೆ ರಜೆಗಳ ಐಸಿಎಸ್ ಕಡತ ಕಳಿಸಿದೆ ಎಂದುಕೊಳ್ಳಿ. ಅದನ್ನು ಇಂಪೋರ್ಟ್ ಮಾಡಿದರೆ ಆ ಕ್ಷಣದ ನಕಲು ನಿಮ್ಮದಾಗುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ನಾಳೆ ಶಾಲೆ ರಜೆ ಬದಲಿಸಿದರೆ ನಿಮಗೆ ತಿಳಿಯುವುದಿಲ್ಲ. ಕಡತದ ಬದಲು ಲಿಂಕ್ ಕೊಟ್ಟಿದ್ದು, ಅದಕ್ಕೆ ಸಬ್‌ಸ್ಕ್ರೈಬ್ ಮಾಡಿದರೆ ಮೂಲ ಅವರಲ್ಲೇ ಉಳಿಯುತ್ತದೆ, ಬದಲಾವಣೆ ಹಿಂಬಾಲಿಸಿ ಬರುತ್ತದೆ. ಆದರೆ ನೀವು ತಿದ್ದುವ ಹಾಗಿಲ್ಲ, ಬದಲಾವಣೆ ಕೂಡಲೇ ಬರುವುದೂ ಇಲ್ಲ. ಗೂಗಲ್ ಕ್ಯಾಲೆಂಡರಿನಲ್ಲಿ ಇಂಥ ಲಿಂಕು ತಾಜಾ ಆಗಲು ಅರ್ಧ ದಿನವೇ ಹಿಡಿಯಬಹುದು. ರಜಾಪಟ್ಟಿಗೆ, ಸಂಗೀತ ಸಭೆಯ ಋತುವಿನ ಪಟ್ಟಿಗೆ, ಕ್ರಿಕೆಟ್ ವೇಳಾಪಟ್ಟಿಗೆ ಸಬ್‌ಸ್ಕ್ರೈಬ್ ಒಳ್ಳೆಯದು. ಇವತ್ತು ಸಂಜೆಯ ಬದಲಾವಣೆ ಇವತ್ತೇ ತಿಳಿಯಬೇಕಾದ ಕಡೆ ಅದನ್ನು ನಂಬಬೇಡಿ, ಕ್ಯಾಲೆಂಡರನ್ನೇ ಹಂಚಿಕೊಳ್ಳಲು ಕೇಳಿ.

ನಮೂದು ಬಂದಿದೆ, ಹೊತ್ತು ಮಾತ್ರ ತಪ್ಪಿದೆ ಎನ್ನುವವರು ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಿ. ಬೆಳಿಗ್ಗೆ 9.30ರದ್ದು ಮಧ್ಯಾಹ್ನ 3ಕ್ಕೋ ನಸುಕಿನ 4ಕ್ಕೋ ಕಾಣುತ್ತಿದ್ದರೆ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಭಾರತದ ಕಾಲಮಾನ ಜಾಗತಿಕ ಯುಟಿಸಿಗಿಂತ ಐದೂವರೆ ಗಂಟೆ ಮುಂದಿದೆ. ಎಲ್ಲೋ ಒಂದು ತಂತ್ರಾಂಶ ಒಂದನ್ನು ಇನ್ನೊಂದೆಂದು ಓದಿದೆ. ಆ ನಮೂದನ್ನು ತೆರೆದು ಕಾಲವಲಯ ನೋಡಿ, ನಮ್ಮದು 'ಏಷ್ಯಾ/ಕೋಲ್ಕತ್ತಾ' ಎಂದಿರಬೇಕು. ಅಮೆರಿಕದ ತಂಡದ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೆ ಇನ್ನೊಂದು ಅನುಭವವಿದೆ. ಕ್ಯಾಲಿಫೋರ್ನಿಯಾದ ಬೆಳಿಗ್ಗೆ 8ರ ಮೀಟಿಂಗ್ ಚಳಿಗಾಲದಲ್ಲಿ ನಮಗೆ ರಾತ್ರಿ 9.30; ಮಾರ್ಚ್ ತಿಂಗಳ ಎರಡನೇ ಭಾನುವಾರ ಅಲ್ಲಿ ಗಡಿಯಾರ ಮುಂದೆ ಹೋದ ಮೇಲೆ 8.30. ಅದು ಸಿಂಕ್ ದೋಷವಲ್ಲ, ಮೂಲ ಅವರ ಕಾಲವಲಯದಲ್ಲಿ ಬರೆಯಲ್ಪಟ್ಟಿದೆ ಅಷ್ಟೆ. ಹುಟ್ಟುಹಬ್ಬ, ರಜೆಗಳನ್ನು ರಾತ್ರಿ 12ರಿಂದ 11.59ರವರೆಗೆ ಎಂದು ಬರೆಯದೆ 'ಇಡೀ ದಿನ' ಎಂದು ಗುರುತಿಸಿ. ಗಂಟೆ ನಮೂದಿಸಿದರೆ ಆಗಸ್ಟ್ 15 ಶುರುವಾಗುವುದು ಸ್ಯಾನ್ ಹೋಸೆಯ ಮಗಳ ಫೋನಿನಲ್ಲಿ ಆಗಸ್ಟ್ 14ರ ಬೆಳಿಗ್ಗೆ 11.30ಕ್ಕೆ. 'ಇಡೀ ದಿನ'ಕ್ಕೆ ಕಾಲವಲಯ ಅಂಟುವುದಿಲ್ಲ, ಅದು ಯಾವ ದೇಶಕ್ಕೆ ಹೋದರೂ 15ರಂದೇ ಇರುತ್ತದೆ.

ನಮ್ಮ ಮನೆಗಳ ಅರ್ಧದಷ್ಟು ದಿನಗಳು ತಿಥಿಯ ಮೇಲೆ ನಿಂತವು. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಅದನ್ನು ವರ್ಷಕ್ಕೊಮ್ಮೆ ಪುನರಾವರ್ತನೆ ಎಂದು ಹಾಕಿದರೆ ಎಲ್ಲ ಸಾಧನಗಳೂ ಚೆನ್ನಾಗಿ ಸಿಂಕ್ ಆಗಿ ಒಟ್ಟಿಗೆ ತಪ್ಪು ದಿನ ತೋರಿಸುತ್ತವೆ. ಬೇರೆ ಪಂಚಾಂಗಗಳ ಪ್ರಕಾರ ಪುನರಾವರ್ತನೆ ಬರೆಯಲು 2015ರಲ್ಲಿ ಐಕ್ಯಾಲೆಂಡರಿಗೆ ಹೊಸ ನಿಯಮ ಸೇರಿತು, ಆದರೆ ನಮ್ಮ ಚಾಂದ್ರಮಾನದ ತಿಥಿ ನಾವು ದಿನಾ ಬಳಸುವ ಆ್ಯಪುಗಳ ಪುನರಾವರ್ತನೆಗೆ ಇನ್ನೂ ಸಿಕ್ಕಿಲ್ಲ. ಹಾಗಾಗಿ ಅಪ್ಪನ ವೈದಿಕ, ಗೌರಿ-ಗಣೇಶ, ಮನೆದೇವರ ಪೂಜೆ ಇವುಗಳನ್ನು ಹೊಸ ಪಂಚಾಂಗ ಬಂದಾಗ ಒಂದು ಸಂಜೆ ಕೂತು ಆ ವರ್ಷದ ಮಟ್ಟಿಗೆ ಒಂದೊಂದಾಗಿ ಬರೆಯಿರಿ. ಬಿಡಿಯಾಗಿ, ಪುನರಾವರ್ತನೆ ಇಲ್ಲದೆ. ಇದು ಬೇಸರದ ಕೆಲಸವೆಂದು ನನಗನ್ನಿಸಿಲ್ಲ. ಮುಂಬರುವ ವರ್ಷ ಹೇಗೆ ಸಾಗುತ್ತದೆಂದು ಮನೆಮಂದಿ ಒಟ್ಟಿಗೆ ಕಾಣುವುದು ಅವತ್ತೇ.

ಖಾತೆ ತೆಗೆದು ಮತ್ತೆ ಹಾಕುವುದು ಕೊನೆಯ ಉಪಾಯವಾಗಿರಲಿ. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಇಡೀ ಕ್ಯಾಲೆಂಡರಿನ ಐಸಿಎಸ್ ಕಡತಗಳನ್ನು ಇಳಿಸಿಟ್ಟುಕೊಳ್ಳಿ. ಆಂಡ್ರಾಯ್ಡಿನಲ್ಲಿ ಕ್ಯಾಲೆಂಡರ್ ಸ್ಟೋರೇಜ್ ಎಂಬುದರ ಡೇಟಾ ಅಳಿಸಿದರೆ ಇನ್ನೂ ಮೇಲೆ ಹೋಗದ ನಮೂದುಗಳು ಮತ್ತೆ ಸಿಗುವುದಿಲ್ಲ ಎಂಬುದು ನೆನಪಿರಲಿ. ಗೂಗಲ್ ಕ್ಯಾಲೆಂಡರಿನಲ್ಲಿ ಕೈತಪ್ಪಿ ಅಳಿಸಿದ್ದು ಸುಮಾರು 30 ದಿನ ಟ್ರ್ಯಾಶ್‌ನಲ್ಲಿ ಉಳಿದಿರುತ್ತದೆ. ಬ್ರೌಸರಿನಲ್ಲಿ ತೆರೆದು ಮರಳಿ ತರಬಹುದು.

ಮನೆಗೆ ನನ್ನ ಶಿಫಾರಸು ಇಷ್ಟು. ಎಲ್ಲರ ಬದುಕಿಗೂ ಸೇರಿದ್ದಕ್ಕೆ 'ಮನೆ' ಎಂಬ ಒಂದೇ ಹಂಚಿಕೆಯ ಕ್ಯಾಲೆಂಡರ್, ಒಂದೇ ಖಾತೆಯಲ್ಲಿ. ತಿದ್ದುವ ಹಕ್ಕು ಇಬ್ಬರಿಗಾದರೂ ಇರಲಿ, ಉಳಿದವರಿಗೆ ನೋಡಲು ಸಿಕ್ಕರೆ ಸಾಕು. ತಿದ್ದುವ ಹಕ್ಕಿರುವವರ ಫೋನಿನಲ್ಲಿ ಡಿಫಾಲ್ಟ್ ಅದೇ ಕ್ಯಾಲೆಂಡರ್. ಆಫೀಸಿನದು ಆಫೀಸಿನ ಖಾತೆಯಲ್ಲೇ ಇರಲಿ, ಇಲ್ಲಿಗೆ ನಕಲು ಮಾಡಬೇಡಿ. ಎರಡನ್ನೂ ಒಂದೇ ಪರದೆಯಲ್ಲಿ ನೋಡಲು ಏನೂ ಅಡ್ಡಿಯಿಲ್ಲ. ಒಂದು ಕಾರ್ಯಕ್ರಮಕ್ಕೆ ಒಂದೇ ಮೂಲ ಎಂಬ ಶಿಸ್ತು ಮನೆಯಲ್ಲಿ ಬಂದರೆ, ಸಿಂಕ್ ಕೈಕೊಟ್ಟ ದಿನವೂ ಯಾವುದನ್ನು ನಂಬಬೇಕೆಂಬ ಗೊಂದಲ ಇರುವುದಿಲ್ಲ. ಬ್ರೌಸರ್ ತೆರೆದು ಮೂಲ ನೋಡಿದರೆ ಮುಹೂರ್ತಕ್ಕೆ ಸರಿಯಾಗಿ ಛತ್ರ ತಲುಪಬಹುದು, ಫೋನ್ ರಿಪೇರಿಯನ್ನು ಊಟ ಮುಗಿಸಿ ಬಂದ ಮೇಲೆ ಮಾಡಿದರಾಯಿತು.